ನೀರು ಕುಡಿಯಿರಿ ಅಂತೀರಿ, ಆಮೇಲೆ ಎಲ್ಲಿಗೆ ಹೋಗಬೇಕು?

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಮಾರ್ಚ್ ಬಂತೆಂದರೆ ಪತ್ರಿಕೆಗಳಲ್ಲಿ ಒಂದು ಸಲಹೆ ತಪ್ಪದೇ ಬರುತ್ತದೆ. ಬಿಸಿಲು ಹೆಚ್ಚಾಗಿದೆ, ಜಾಸ್ತಿ ನೀರು ಕುಡಿಯಿರಿ. ಒಳ್ಳೆಯ ಸಲಹೆಯೇ. ನಾನೂ ಅದನ್ನು ಕತ್ತರಿಸಿ ಶಾಲೆಯ ಬೋರ್ಡಿಗೆ ಅಂಟಿಸುತ್ತಿದ್ದೆ. ಆದರೆ ನಮ್ಮ ಕಡೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಈ ಮಾತು ಹೇಳಿದಾಗ ಒಬ್ಬಾಕೆ ಕೇಳಿದ ಪ್ರಶ್ನೆಗೆ ಈವರೆಗೆ ಯಾವ ಪತ್ರಿಕೆಯಲ್ಲೂ ಉತ್ತರ ಸಿಕ್ಕಿಲ್ಲ. "ನೀರು ಕುಡೀರಿ ಅಂತೀರಿ ಅಕ್ಕೋರ. ಕುಡದ ಮ್ಯಾಲ ಎಲ್ಲಿ ಹೋಗೂದ್ರಿ?"

ನಾನು ಹಾವೇರಿ ಜಿಲ್ಲೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಬ್ಯಾಡಗಿ ತಾಲ್ಲೂಕಿನವಳು. ನನ್ನ ವಿದ್ಯಾರ್ಥಿಗಳ ಅವ್ವಂದಿರಲ್ಲಿ ಎಷ್ಟೋ ಮಂದಿ ಸುಗ್ಗಿಯಲ್ಲಿ ಈ ಕೆಲಸಕ್ಕೆ ಹೋಗುವವರು. ದೊಡ್ಡ ಮಾರುಕಟ್ಟೆಯ ಮಾತು ನಾನು ಆಡುತ್ತಿಲ್ಲ. ಊರ ಹೊರಗಿನ ಸಣ್ಣ ಖಾಸಗಿ ಅಂಗಳಗಳು, ತಗಡಿನ ಶೆಡ್ಡುಗಳ ಮಾತು ಇದು. ಯಾರ ಹೆಸರನ್ನೂ ಎತ್ತುವುದಿಲ್ಲ. ಹೆಸರಿನಿಂದ ಆಗಬೇಕಾದ್ದು ಏನೂ ಇಲ್ಲ.

ಅಲ್ಲಿ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಗೋಣಿ ಚೀಲ ಹಾಸಿ ರಾಶಿಯ ಸುತ್ತ ಕೂರುತ್ತಾರೆ. ಕೂಲಿ ತೂಕದ ಲೆಕ್ಕದಲ್ಲಿ. ಎದ್ದು ಹೋದಷ್ಟು ಹೊತ್ತು ಕೂಲಿ ಹೋಯಿತು. ಹತ್ತಿರದಲ್ಲಿ ಶೌಚಾಲಯ ಇಲ್ಲ. ಇದ್ದರೂ ಬಾಗಿಲಿಗೆ ಚಿಲಕ ಇಲ್ಲ, ನಳದಲ್ಲಿ ನೀರಿಲ್ಲ. ಬಯಲಿಗೆ ಹೋಗೋಣ ಎಂದರೆ ಹಗಲು ಹೊತ್ತು, ಸುತ್ತ ಗಂಡಸರು, ಲಾರಿಗಳು. ಹಾಗಾಗಿ ಅವರು ಬೆಳಿಗ್ಗೆ ಮನೆಯಲ್ಲೇ ಒಂದು ಲೋಟ ಕುಡಿದು, ಸಂಜೆ ಮನೆಗೆ ಹೋಗುವ ತನಕ ಬಾಯಿಗೆ ನೀರು ಹಾಕುವುದಿಲ್ಲ. ಇದನ್ನು ತಿಳಿವಳಿಕೆ ಇಲ್ಲದವರ ನಡತೆ ಎಂದು ಯಾರೂ ತಿಳಿಯಬಾರದು. ಲೆಕ್ಕ ಹಾಕಿಯೇ ಅವರು ಹೀಗೆ ಮಾಡುವುದು. ಆ ಲೆಕ್ಕದ ಬೆಲೆಯನ್ನು ದೇಹ ಹೇಗೆ ತೆರುತ್ತದೆ ಎಂಬುದನ್ನು ಹೇಳಲು ಈ ಪತ್ರ ಬರೆಯುತ್ತಿದ್ದೇನೆ.

ಪಾಠದಲ್ಲಿ ಉಸಿರಾಟ ಒಂದು ಕಡೆ, ರಕ್ತ ಪರಿಚಲನೆ ಒಂದು ಕಡೆ, ವಿಸರ್ಜನೆ ಇನ್ನೊಂದು ಕಡೆ ಇರುತ್ತವೆ. ಕಲಿಸುವ ಅನುಕೂಲಕ್ಕೆ ಹಾಗೆ ಬೇರೆ ಮಾಡಿದ್ದು. ದೇಹದೊಳಗೆ ಹಾಗೆ ಗೋಡೆಗಳಿಲ್ಲ. ರಾಶಿಯ ಮುಂದೆ ಕೂತ ಒಬ್ಬ ಹೆಣ್ಣುಮಗಳ ಒಂದು ಹಗಲನ್ನು ತೆಗೆದುಕೊಂಡರೆ ಸಾಕು, ಎಲ್ಲ ಅಂಗಗಳೂ ಒಂದಕ್ಕೊಂದು ಹೇಗೆ ಹೊಂದಿಕೊಂಡಿವೆ ಎಂಬುದು ಕಾಣುತ್ತದೆ.

ಮೊದಲು ಮೆಣಸಿನಕಾಯಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಮಾನ್ಯತೆ, ಅಂದರೆ ಈ ಪ್ರದೇಶದ್ದೇ ವಿಶೇಷ ಬೆಳೆ ಎಂಬ ಗುರುತು, ಸಿಕ್ಕಿತು. ಬಣ್ಣಕ್ಕೆ ಅದು ಹೆಸರುವಾಸಿ, ಖಾರ ಕಡಿಮೆ. ಆದರೆ ಒಣಗಿದ ರಾಶಿಯ ನಡುವೆ ದಿನವಿಡೀ ಕೂತವರಿಗೆ ಕಡಿಮೆ ಖಾರವೂ ಖಾರವೇ. ಆ ಖಾರದ ಹೆಸರು ಕ್ಯಾಪ್ಸೈಸಿನ್. ನಮ್ಮ ಚರ್ಮ, ಕಣ್ಣು, ಮೂಗು, ಗಂಟಲಿನ ನರದ ತುದಿಗಳಲ್ಲಿ ಬಿಸಿ ತಿಳಿಯುವ ಒಂದು ಪ್ರೋಟೀನ್ ಇದೆ. ಸುಮಾರು 43 ಡಿಗ್ರಿ ದಾಟಿದ ಬಿಸಿ ತಾಗಿದರೆ ಅದು ತೆರೆದುಕೊಂಡು, ಸುಡುತ್ತಿದೆ ಎಂದು ಮೆದುಳಿಗೆ ಸುದ್ದಿ ಕಳಿಸುತ್ತದೆ. ಕ್ಯಾಪ್ಸೈಸಿನ್ ಅದೇ ಪ್ರೋಟೀನನ್ನು ತೆರೆಯುತ್ತದೆ. ಅಂದರೆ ಬೆಂಕಿ ಇಲ್ಲದೆಯೂ ಮೆದುಳಿಗೆ ಬೆಂಕಿಯ ಸುದ್ದಿ ಮುಟ್ಟುತ್ತದೆ. 1997ರಲ್ಲಿ ಇದನ್ನು ಕಂಡುಹಿಡಿದ ತಂಡದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಅವರು ಆ ಹುಡುಕಾಟಕ್ಕೆ ಬಳಸಿದ್ದು ಇದೇ ಮೆಣಸಿನಕಾಯಿಯ ಖಾರವನ್ನು. ನಮ್ಮ ಮಕ್ಕಳಿಗೆ ಇದನ್ನು ಹೇಳಿದಾಗ ಅವರ ಮುಖ ಅರಳುತ್ತಿತ್ತು. ಗಿಳಿಗಳು ಮೆಣಸಿನಕಾಯಿಯನ್ನು ಆರಾಮಾಗಿ ತಿನ್ನುವುದೂ ಇದಕ್ಕೇ. ಹಕ್ಕಿಗಳಲ್ಲಿರುವ ಆ ಪ್ರೋಟೀನ್ ಸ್ವಲ್ಪ ಬೇರೆ, ಅದಕ್ಕೆ ಖಾರ ಹತ್ತುವುದಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಲಿ. ಖಾರ ಹತ್ತಿದ ಕೈಯನ್ನು ಬರೀ ನೀರಿನಲ್ಲಿ ತೊಳೆದರೆ ಉರಿ ಹೋಗುವುದಿಲ್ಲ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಮೊದಲು ಅಡುಗೆ ಎಣ್ಣೆ ಹಚ್ಚಿ ಉಜ್ಜಿ, ಆಮೇಲೆ ಸೋಪು ಹಾಕಿ ತೊಳೆಯಬೇಕು. ಕೂಸಿಗೆ ಹಾಲು ಕುಡಿಸುವ ತಾಯಂದಿರು ಇದನ್ನು ಮರೆಯಬಾರದು.

ಖಾರದ ದೂಳು ಮೂಗಿಗೆ ಹೋದ ಕೂಡಲೇ ನರಗಳು ಮೆದುಳಿನ ಬುಡಕ್ಕೆ ಸುದ್ದಿ ಕೊಡುತ್ತವೆ. ಅಲ್ಲಿಂದ ಅಪ್ಪಣೆ ಬರುತ್ತದೆ. ಕಣ್ಣು, ಮೂಗು ಸೋರುತ್ತವೆ. ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಯಾದ ವಪೆ, ಪಕ್ಕೆಲುಬಿನ ಸ್ನಾಯು, ಹೊಟ್ಟೆಯ ಸ್ನಾಯು ಎಲ್ಲ ಒಟ್ಟಿಗೆ ಬಿಗಿದು ಕೆಮ್ಮು ಹೊರಡುತ್ತದೆ. ಉಸಿರು ನಾಳದ ಒಳಗೋಡೆಗೆ ಸಣ್ಣ ಸಣ್ಣ ಕೂದಲಿನಂಥ ಎಳೆಗಳಿವೆ. ಅವು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಬಡಿಯುತ್ತಾ, ದೂಳು ಹತ್ತಿದ ಲೋಳೆಯನ್ನು ಗಂಟಲಿನ ಕಡೆಗೆ ತಳ್ಳುತ್ತವೆ. ಈ ಕೆಲಸಕ್ಕೆ ತೇವ ಬೇಕು. ಒಳಗಿನ ಲೋಳೆ ಒಣಗಿ ಗಟ್ಟಿಯಾದರೆ ಎಳೆಗಳು ಅದನ್ನು ಎಳೆಯಲಾರವು. ಆಗ ಕೆಮ್ಮಿಯೇ ಹೊರಹಾಕಬೇಕು. ಅಂದರೆ ಬೆಳಿಗ್ಗೆ ಕುಡಿಯದೇ ಬಿಟ್ಟ ನೀರಿಗೂ ಮಧ್ಯಾಹ್ನದ ಕೆಮ್ಮಿಗೂ ನಂಟಿದೆ.

ಇನ್ನು ಬಿಸಿಲು. ಏಪ್ರಿಲ್‌ನಲ್ಲಿ ನಮ್ಮ ಕಡೆ 37-38 ಡಿಗ್ರಿ ಅಪರೂಪವೇನಲ್ಲ. ತಗಡಿನ ಕೆಳಗೆ ಇನ್ನೂ ಜಾಸ್ತಿ. ಸುತ್ತಲಿನ ಗಾಳಿ ಚರ್ಮಕ್ಕಿಂತ ಬಿಸಿಯಾದ ಮೇಲೆ ದೇಹಕ್ಕೆ ಉಳಿಯುವ ದಾರಿ ಒಂದೇ, ಬೆವರು. ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಆದರೆ ಬೆವರು ಎಲ್ಲಿಂದ ಬರುತ್ತದೆ? ರಕ್ತದೊಳಗಿನ ನೀರಿನಿಂದಲೇ ಅಲ್ವಾ? ಹೆಂಗಸೊಬ್ಬಳ ದೇಹದಲ್ಲಿರುವ ಒಟ್ಟು ರಕ್ತ ಹೆಚ್ಚುಕಡಿಮೆ ನಾಲ್ಕೂವರೆ ಲೀಟರ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೀರಿನಂಥ ಪ್ಲಾಸ್ಮಾ. ಬೆವರು ಹರಿದಂತೆ ರಕ್ತದ ಪ್ರಮಾಣ ಇಳಿಯುತ್ತದೆ, ಅದು ಮಂದವಾಗುತ್ತದೆ. ಒಂದೊಂದು ಬಡಿತಕ್ಕೆ ಹೃದಯ ತಳ್ಳುವ ರಕ್ತ ಕಡಿಮೆಯಾಗುತ್ತದೆ. ಕೊರತೆ ತುಂಬಲು ಹೃದಯ ಬೇಗ ಬೇಗ ಬಡಿಯುತ್ತದೆ. ಸುಮ್ನೆ ಕೂತಲ್ಲೇ ಎದೆ ಡವಗುಟ್ಟುತ್ತದೆ ಎಂದು ಅವರು ಹೇಳುವುದು ಇದನ್ನೇ.

ಕಾಲುವೆಗೆ ನೀರು ಕಡಿಮೆ ಬಿಟ್ಟ ವರ್ಷ ಕೊನೆ ಭಾಗದ ಹೊಲಗಳ ಗತಿ ಏನಾಗುತ್ತದೆ ಎಂದು ನಮ್ಮ ಜಿಲ್ಲೆಯ ರೈತರಿಗೆ ಹೇಳಬೇಕಿಲ್ಲ. ದೇಹದಲ್ಲೂ ಹಾಗೇ. ಇರುವ ರಕ್ತದಲ್ಲಿ ಮೆದುಳಿಗೆ, ಹೃದಯಕ್ಕೆ ಮೊದಲ ಪಾಲು. ತಂಪು ಮಾಡಬೇಕಾದ ಚರ್ಮಕ್ಕೂ ಕೊಡಲೇಬೇಕು. ಕೊನೆಗೆ ಕಡಿತವಾಗುವುದು ಕರುಳಿಗೆ ಮತ್ತು ಕಿಡ್ನಿಗೆ. ಕರುಳಿಗೆ ರಕ್ತ ಕಡಿಮೆಯಾದಾಗ ಹಸಿವು ಸಾಯುತ್ತದೆ, ವಾಕರಿಕೆ ಬರುತ್ತದೆ. ಮಧ್ಯಾಹ್ನ ರೊಟ್ಟಿ ಬುತ್ತಿ ಬಿಚ್ಚಿ ಎರಡು ತುತ್ತು ತಿಂದು ಮಡಚಿಡುವುದನ್ನು ನಾನು ನೋಡಿದ್ದೇನೆ. "ಸೇರವಲ್ದು" ಅನ್ನುತ್ತಾರೆ.

ಕಿಡ್ನಿಯ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ವಿಶ್ರಾಂತಿಯಲ್ಲಿದ್ದಾಗ ಹೃದಯ ನಿಮಿಷಕ್ಕೆ ತಳ್ಳುವ ಸುಮಾರು ಐದು ಲೀಟರ್ ರಕ್ತದಲ್ಲಿ ಐದರ ಒಂದು ಪಾಲು ಈ ಎರಡು ಸಣ್ಣ ಅಂಗಗಳಿಗೆ ಹೋಗುತ್ತದೆ. ಒಂದೊಂದರಲ್ಲೂ ಸುಮಾರು ಹತ್ತು ಲಕ್ಷ ಸೋಸುವ ಘಟಕಗಳು. ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಅದರಲ್ಲಿ 178ಕ್ಕೂ ಹೆಚ್ಚನ್ನು ರಕ್ತಕ್ಕೆ ವಾಪಸ್ ಕಳಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಬಿಡುತ್ತವೆ. ಎಷ್ಟು ವಾಪಸ್, ಎಷ್ಟು ಹೊರಗೆ ಎಂಬುದನ್ನು ಮೆದುಳು ನಿರ್ಧರಿಸುತ್ತದೆ. ರಕ್ತ ಶೇಕಡಾ ಒಂದೆರಡರಷ್ಟು ಮಂದವಾದರೂ ಸಾಕು, ಮೆದುಳು ಎರಡು ಕೆಲಸ ಮಾಡುತ್ತದೆ. ಬಾಯಾರಿಕೆ ಹುಟ್ಟಿಸುತ್ತದೆ. ನೀರನ್ನು ಉಳಿಸು ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದು ಕಿಡ್ನಿಯ ಕೊಳವೆಗಳಲ್ಲಿ ನೀರಿನ ಬಾಗಿಲುಗಳನ್ನು ಹೆಚ್ಚಿಸುತ್ತದೆ. ಮೂತ್ರ ಗಟ್ಟಿಯಾಗಿ, ಹಳದಿಯಿಂದ ಕಂದಾಗಿ, ತೀರಾ ಕಡಿಮೆ ಬರುತ್ತದೆ. ಅದಕ್ಕೂ ಒಂದು ಮಿತಿ ಇದೆ. ದೇಹದ ಕಲ್ಮಶ ಹೊರಹೋಗಲು ದಿನಕ್ಕೆ ಅರ್ಧ ಲೀಟರಿನಷ್ಟಾದರೂ ಮೂತ್ರ ಬೇಕೇ ಬೇಕು.

ಒಂದು ದಿನಕ್ಕಾದರೆ ಕಿಡ್ನಿ ಇದನ್ನೆಲ್ಲ ತಡೆದುಕೊಳ್ಳುತ್ತದೆ. ಸುಗ್ಗಿ ಪೂರ್ತಿ, ವರ್ಷ ವರ್ಷವೂ ಹೀಗೇ ಆದರೆ? ನಿಕರಾಗುವಾ, ಎಲ್ ಸಾಲ್ವಡಾರ್ ದೇಶಗಳ ಕಬ್ಬಿನ ಗದ್ದೆಗಳಲ್ಲಿ ಸಕ್ಕರೆ ಕಾಯಿಲೆ, ಬಿಪಿ ಎರಡೂ ಇಲ್ಲದ ಹರೆಯದ ಕೂಲಿಗಳ ಕಿಡ್ನಿ ಹಾಳಾಗಿ ಸಾವಿರಾರು ಮಂದಿ ತೀರಿಕೊಂಡಿದ್ದಾರೆ. ಬಿಸಿಲಲ್ಲಿ ಬಿಡುವಿಲ್ಲದ ದುಡಿಮೆ ಮತ್ತು ನೀರಿನ ಕೊರತೆ ಅದರ ಮುಖ್ಯ ಕಾರಣ ಇರಬೇಕು ಎಂಬುದು ಬಹಳಷ್ಟು ತಜ್ಞರ ಅಭಿಪ್ರಾಯ. ಅಲ್ಲಿ ನೆರಳು, ನೀರು, ವಿಶ್ರಾಂತಿ ಕೊಟ್ಟು ನೋಡಿದ ಕಡೆ ಕಿಡ್ನಿಗೆ ಆಗುವ ಪೆಟ್ಟು ಕಡಿಮೆಯಾಗಿದೆ. ನಮ್ಮ ಶೆಡ್ಡಿನ ಕೆಲಸ ಕಬ್ಬು ಕಡಿಯುವಷ್ಟು ಭಾರದ್ದಲ್ಲ, ನಿಜ. ಆದರೆ ಬಿಸಿಲೂ ಬಾಯಾರಿಕೆಯೂ ಇಲ್ಲಿಯೂ ಇವೆ.

ಈಗ ಯಾರೂ ಬಾಯಿ ಬಿಟ್ಟು ಹೇಳದ ಸಂಗತಿ. ಹೆಂಗಸರ ಮೂತ್ರನಾಳ ಸುಮಾರು ನಾಲ್ಕು ಸೆಂಟಿಮೀಟರ್ ಉದ್ದ, ಗಂಡಸರದು ಇಪ್ಪತ್ತರ ಹತ್ತಿರ. ದಾರಿ ಗಿಡ್ಡವಾದ್ದರಿಂದ ಕರುಳಿನ ಬ್ಯಾಕ್ಟೀರಿಯಾ ಮೂತ್ರಕೋಶಕ್ಕೆ ಬೇಗ ತಲುಪುತ್ತದೆ. ಅದನ್ನು ತೊಳೆದು ಹೊರಹಾಕುವುದು ಆಗಾಗ ಹೋಗುವ ಮೂತ್ರ. ಕುಡಿಯದೆ, ಹೋಗದೆ, ತಡೆಹಿಡಿದು ಕೂತರೆ ಆ ಬ್ಯಾಕ್ಟೀರಿಯಾ ಅಲ್ಲೇ ಬೆಳೆಯುತ್ತದೆ. ಉರಿ, ಕೆಳಹೊಟ್ಟೆ ನೋವು, ಜ್ವರ ಬರುತ್ತವೆ. ಪದೇ ಪದೇ ಮೂತ್ರದ ಸೋಂಕು ಆಗುವ, ಕಡಿಮೆ ನೀರು ಕುಡಿಯುವ ಮಹಿಳೆಯರ ಮೇಲೆ ಒಂದು ವರ್ಷ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಒಂದೂವರೆ ಲೀಟರ್ ಹೆಚ್ಚುವರಿ ನೀರು ಕುಡಿದವರಿಗೆ ಸೋಂಕು ಸರಿಸುಮಾರು ಅರ್ಧಕ್ಕೆ ಇಳಿದಿತ್ತು. ಔಷಧ ಇಲ್ಲ, ಬರೀ ನೀರು.

ಕೆಮ್ಮಿನ ಮಾತು ಮೇಲೆ ಬಂತಲ್ಲ, ಅದು ಇಲ್ಲಿ ಬಂದು ಸೇರುತ್ತದೆ. ಹೊಟ್ಟೆಯ ತಳದಲ್ಲಿ ಮೂತ್ರಕೋಶ, ಗರ್ಭಕೋಶಗಳನ್ನು ಎತ್ತಿ ಹಿಡಿಯುವ ಸ್ನಾಯುಗಳಿವೆ. ಹೆರಿಗೆಗಳಾದ ಮೇಲೆ ಅವು ಸಡಿಲಾಗಬಹುದು. ಖಾರದ ದೂಳಿಗೆ ಜೋರಾಗಿ ಕೆಮ್ಮಿದಾಗ ಹೊಟ್ಟೆಯೊಳಗಿನ ಒತ್ತಡ ಒಮ್ಮೆಲೇ ಏರಿ ಒಂದೆರಡು ಹನಿ ಮೂತ್ರ ಜಾರುತ್ತದೆ. ಎಲ್ಲರ ನಡುವೆ ಸೀರೆ ಒದ್ದೆಯಾಗುವ ಭಯ. ಆ ಭಯಕ್ಕೆ ಇನ್ನೂ ಕಡಿಮೆ ನೀರು ಕುಡಿಯುತ್ತಾರೆ. ಇನ್ನೂ ಕಡಿಮೆ ಕುಡಿದರೆ ಲೋಳೆ ಇನ್ನೂ ಒಣಗುತ್ತದೆ, ಕೆಮ್ಮು ಇನ್ನೂ ಹೆಚ್ಚುತ್ತದೆ. ನರ, ಶ್ವಾಸಕೋಶ, ಸ್ನಾಯು, ಕಿಡ್ನಿ, ಎಲ್ಲವೂ ಒಂದೇ ಸುಳಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಇದು ನಾಚಿಕೆಪಡುವ ವಿಷಯವೇ ಅಲ್ಲ. ವ್ಯಾಯಾಮದಿಂದಲೂ ಚಿಕಿತ್ಸೆಯಿಂದಲೂ ಬಹಳಷ್ಟು ಮಂದಿಗೆ ಕಡಿಮೆಯಾಗುತ್ತದೆ. ನಮ್ಮ ಆಶಾ ಕಾರ್ಯಕರ್ತೆಯರ ಹತ್ತಿರ ಧೈರ್ಯವಾಗಿ ಹೇಳಿಕೊಳ್ಳಬೇಕು. ಮುಟ್ಟಿನ ದಿನಗಳಲ್ಲಿ ಬಟ್ಟೆ ಬದಲಿಸಲೂ ಜಾಗ ಇಲ್ಲದ ಕಷ್ಟ ಇದರ ಮೇಲೆ ಇನ್ನೊಂದು.

ಹಾಗಾಗಿ ನನ್ನ ಬೇಡಿಕೆ ಹೆಚ್ಚೇನಲ್ಲ. ಹತ್ತು ಹೆಣ್ಣುಮಕ್ಕಳನ್ನು ಕೂರಿಸಿ ಕೆಲಸ ಮಾಡಿಸುವ ಯಾವ ಅಂಗಳದಲ್ಲೇ ಆಗಲಿ, ಎದ್ದು ಹೋಗಿ ಬರುವಷ್ಟು ಹತ್ತಿರದಲ್ಲಿ, ಚಿಲಕ ಮತ್ತು ನೀರು ಇರುವ ಶೌಚಾಲಯ ಇರಬೇಕು. ಕಾರ್ಖಾನೆಗಳಲ್ಲಿ ಕುಡಿಯುವ ನೀರು, ಶೌಚಾಲಯ ಎರಡೂ ಇರಲೇಬೇಕು ಎಂದು 1948ರಲ್ಲೇ ಕಾಯ್ದೆ ಬಂತು. ಸಣ್ಣ ಅಂಗಳದಲ್ಲಿ ಕೂತವರ ಮೂತ್ರಕೋಶ ಬೇರೆ ರೀತಿ ಇರುತ್ತದೆಯೇ? ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಲು ಬಿಡುವು ಕೊಡಬೇಕು. ಮೀನಖಂಡದ ಸ್ನಾಯು ಹಿಂಡಿದರೆ ಮಾತ್ರ ಕಾಲಿನ ರಕ್ತ ಸರಾಗವಾಗಿ ಮೇಲೇರುತ್ತದೆ. ಆ ಬಿಡುವಿಗೆ ಕೂಲಿ ಕಡಿಯಬಾರದು. ನೆರಳಿನಲ್ಲಿ ಮಡಕೆ ನೀರು, ಉಪ್ಪು ಹಾಕಿದ ಮಜ್ಜಿಗೆ ಇಟ್ಟರೆ ವ್ಯಾಪಾರಿಗಳಿಗೆ ಹೊರೆಯಾಗುವುದಿಲ್ಲ. ಯಾರಿಗಾದರೂ ಸುಸ್ತು ಹೆಚ್ಚಾದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿ ಗುಟುಕು ಗುಟುಕಾಗಿ ಕುಡಿಸಬೇಕು. ಸಕ್ಕರೆ ಜೊತೆಗಿದ್ದರೆ ಕರುಳು ಉಪ್ಪನ್ನೂ ನೀರನ್ನೂ ಬೇಗ ಒಳಗೆಳೆದುಕೊಳ್ಳುತ್ತದೆ. ಮೈ ಕೆಂಡದಂತೆ ಸುಡುತ್ತಾ ಮಾತು ತೊದಲಿದರೆ ಮಾತ್ರ ಕಾಯಬಾರದು. ನೆರಳಿಗೆ ಒಯ್ದು ಮೈಮೇಲೆ ತಣ್ಣೀರು ಸುರಿಯುತ್ತಾ, ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ಗ್ರಾಮ ಪಂಚಾಯಿತಿಗಳು ಸುಗ್ಗಿ ಶುರುವಾಗುವ ಮುಂಚೆ, ಡಿಸೆಂಬರಿನಲ್ಲೇ, ತಮ್ಮ ಊರಿನ ಇಂಥ ಅಂಗಳಗಳನ್ನು ಒಮ್ಮೆ ನೋಡಿ ಬರಲಿ. ಹೋಗುವಾಗ ಒಬ್ಬ ಮಹಿಳಾ ಸದಸ್ಯೆಯನ್ನು ಕರೆದುಕೊಂಡು ಹೋಗಲಿ, ಹೆಣ್ಣುಮಕ್ಕಳು ಅವರ ಹತ್ತಿರ ಬಿಚ್ಚಿ ಮಾತಾಡುತ್ತಾರೆ. ತಮ್ಮಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ಬೇಸಿಗೆಯಲ್ಲಿ "ಜಾಸ್ತಿ ನೀರು ಕುಡಿಯಿರಿ" ಎಂದು ಅಚ್ಚು ಹಾಕುವಾಗ, ಅದರ ಪಕ್ಕದಲ್ಲೇ "ಕೆಲಸ ಕೊಡುವವರು ಶೌಚಾಲಯ ಕಟ್ಟಿಸಿ" ಎಂಬ ಸಾಲನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಿ.

ಇತಿ ತಮ್ಮ ಓದುಗಳು,
ನಿವೃತ್ತ ವಿಜ್ಞಾನ ಶಿಕ್ಷಕಿ
ಬ್ಯಾಡಗಿ ತಾಲ್ಲೂಕು, ಹಾವೇರಿ ಜಿಲ್ಲೆ