ಕರೆದವರೇ ಹೋಗಿ ಎಂದಾಗ

ಸಂಪಾದಕರೇ,

ಅಫ್ಗಾನಿಸ್ತಾನ ಬಿಡುವಾಗ ಅಮೆರಿಕ ನ್ಯಾಟೊ ಸೇನಾಕೂಟದ ಗೆಳೆಯರ ಮಾತು ಕೇಳಿತಾ ಇಲ್ಲವಾ ಎಂದು ಕ್ಯಾಂಪಿನ ಚಹಾದಂಗಡಿಯಲ್ಲಿ ಈಗಲೂ ಜಗಳ. ನಮ್ಮದೇ ಕಥೆ ಮರೆತೇಹೋಯಿತು, ಅಲ್ವಾ?

1987ರ ಜುಲೈನ ಭಾರತ–ಶ್ರೀಲಂಕಾ ಒಪ್ಪಂದದಂತೆ ನಾವು, ಭಾರತದ ಸೈನಿಕರು, ಶ್ರೀಲಂಕಾಕ್ಕೆ ಹೋದೆವು. ಶಾಂತಿ ಕಾಯಲು ಹೋದವರು ಅಕ್ಟೋಬರ್‌ಗೆ ಪ್ರತ್ಯೇಕ ತಮಿಳು ನಾಡಿಗಾಗಿ ಬಂದೂಕು ಹಿಡಿದಿದ್ದ ಎಲ್‌ಟಿಟಿಇ ಜೊತೆ ಯುದ್ಧಕ್ಕಿಳಿದಿದ್ದೆವು. 1989ರಲ್ಲಿ ಶ್ರೀಲಂಕಾ ಅಧ್ಯಕ್ಷ ಪ್ರೇಮದಾಸ ಜುಲೈ 29ರೊಳಗೆ ಜಾಗ ಖಾಲಿ ಮಾಡಿ ಎಂದರು. ರಾಜೀವ್ ಗಾಂಧಿ ಒಪ್ಪಲಿಲ್ಲ. ದಿಲ್ಲಿ, ಕೊಲಂಬೊ ನಡುವೆ ಪತ್ರಗಳು ಓಡಾಡುತ್ತಿದ್ದಾಗ ಕಾಡಿನಲ್ಲಿ ನಮ್ಮ ಗಸ್ತು ನಿಂತಿರಲಿಲ್ಲ. ಪ್ರೇಮದಾಸ ಸರ್ಕಾರವಂತೂ ಎಲ್‌ಟಿಟಿಇಗೇ ಬಂದೂಕು ಕೊಟ್ಟಿತು! ಕೊನೆಯ ತುಕಡಿ ಹೊರಟದ್ದು 1990ರ ಮಾರ್ಚ್‌ನಲ್ಲಿ. ಸುಮಾರು 1,200 ಯೋಧರು ಮರಳಲಿಲ್ಲ. ಮದ್ರಾಸಿನಲ್ಲಿ ಸ್ವಾಗತಕ್ಕೆ ಮುಖ್ಯಮಂತ್ರಿಯೂ ಬರಲಿಲ್ಲ.

ರೆಜಿಮೆಂಟಿನ ಊರು ಎನ್ನುವ ಬೆಳಗಾವಿಯಲ್ಲಿ ಆ ಯೋಧರ ಬಗ್ಗೆ ಜಾಸ್ತಿ ಮಾತಿಲ್ಲ. ಬರುವ ಜುಲೈ 29ಕ್ಕೆ ನಿಮ್ಮ ಪತ್ರಿಕೆ ಒಂದು ಪುಟ ಕೊಡಲಿ.

– ನಿವೃತ್ತ ಹವಾಲ್ದಾರ್, ಹಿಂಡಲಗಾ, ಬೆಳಗಾವಿ