ಹುಳದ ಮೇಡಂ ಕಡೆಯಿಂದ ಒಂದು ಥ್ಯಾಂಕ್ಸ್

ಕೀಟ ವಿಜ್ಞಾನಿ ಕೆಲಸದಿಂದ ಕಳೆದ ವಾರ ನಿವೃತ್ತಿಯಾಯಿತು. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲಾ ಆಯಿತು. ಭಾಷಣದಲ್ಲಿ ನನ್ನ ಸಂಶೋಧನಾ ಲೇಖನಗಳ ಪಟ್ಟಿ ಓದಿದರು. ಆ ಲೇಖನಗಳಲ್ಲಿ ಎಲ್ಲೂ ಹೆಸರು ಬಾರದ ಜನರೇ ಜಾಸ್ತಿ. ಈ ಬರಹ ಅವರಿಗೆ.

ಮೊದಲು ಹಿಪ್ಪುನೇರಳೆ ಬೆಳೆಗಾರರಿಗೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡ ಪಪ್ಪಾಯ ಹಿಟ್ಟು ತಿಗಣೆ ಎಂಬ ರಸ ಹೀರುವ ಕೀಟ ನಮ್ಮ ಕಡೆಗೂ ಬಂತು. ಪಪ್ಪಾಯ ಗಿಡದ ಜೊತೆಗೆ ಹಿಪ್ಪುನೇರಳೆಗೂ ಹತ್ತಿಕೊಂಡಿತು. ಅದರ ಮೈಮೇಲೆ ಬಿಳಿ ಮೇಣದ ಪುಡಿ ಇರುತ್ತದೆ, ಹೊಡೆದ ಔಷಧಿ ಸರಿಯಾಗಿ ತಾಗುವುದಿಲ್ಲ. ಸೊಪ್ಪಿನಲ್ಲಿ ಔಷಧಿ ಉಳಿದರೆ ಅದನ್ನು ತಿಂದ ರೇಷ್ಮೆ ಹುಳವೇ ಸಾಯುತ್ತದೆ. 2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೀಟ ಸಂಸ್ಥೆಯವರು ಪೋರ್ಟೊರಿಕೊದಿಂದ ಅಸೆರೊಫೇಗಸ್ ಪಪಾಯೆ ಎಂಬ ಪುಟಾಣಿ ಕಣಜ ತರಿಸಿದರು. ಅದು ತಿಗಣೆಯ ಮೈಯೊಳಗೇ ಮೊಟ್ಟೆ ಇಡುತ್ತದೆ. ಮರಿ ಒಳಗಿನಿಂದಲೇ ತಿಂದು ಮುಗಿಸುತ್ತದೆ.

ಕಣಜ ಬಿಟ್ಟ ಮೇಲೆ ನಾನು ಕೇಳಿದ್ದು ಇಷ್ಟೇ: ಇನ್ನು ಔಷಧಿ ಹೊಡೆಯಬೇಡಿ, ಕಣಜವೂ ಸಾಯುತ್ತದೆ, ಸ್ವಲ್ಪ ಕಾಯಿರಿ. ಸಾಲ ತಲೆಮೇಲಿದ್ದವರಿಗೆ ಕಾಯಿರಿ ಅನ್ನುವುದು ಸುಲಭವಲ್ಲ. "ಒಂದು ಹುಳದ ಕಾಟಾನೇ ಸಾಕಾಗಿದೆ, ನೀವು ಇನ್ನೊಂದು ತಂದಿದ್ದೀರಲ್ಲ ಮೇಡಂ" ಎಂದು ಒಬ್ಬರು ರೇಗಿದರು. ರೇಗುತ್ತಲೇ ಪಂಪು ಮೂಲೆಗಿಟ್ಟರು. ಕೆಲವು ತಿಂಗಳಲ್ಲಿ ತಿಗಣೆ ಹತೋಟಿಗೆ ಬಂತು. ಹೊಗಳಿಕೆ ನಮಗೆ ಸಿಕ್ಕಿತು. ಬೆಳೆ ಪಣಕ್ಕಿಟ್ಟವರು ನೀವು.

ನಮ್ಮ ಲ್ಯಾಬಿನ ದಿನಗೂಲಿ ಹೆಂಗಸರಿಗೆ ಏನು ಹೇಳಲಿ? ಕಣಜ ಬೆಳೆಸಬೇಕಾದರೆ ಮೊದಲು ತಿಗಣೆ ಬೆಳೆಸಬೇಕು, ಅದಕ್ಕೆ ಮೊಳಕೆ ಬಂದ ಆಲೂಗಡ್ಡೆ ಬೇಕು. ಕೊಳೆತದ್ದನ್ನು ಆರಿಸುವುದು, ಇರುವೆ ಹತ್ತದಂತೆ ನೋಡಿಕೊಳ್ಳುವುದು. ಭಾನುವಾರ, ಹಬ್ಬ ಅಂತ ಹುಳಕ್ಕೆ ಗೊತ್ತಾಗುತ್ತದಾ? ಯಾವ ತಿಗಣೆಯೊಳಗೆ ಕಣಜವಿದೆ ಎಂದು ನಾನು ಮೈಕ್ರೋಸ್ಕೋಪಿನಲ್ಲಿ ಹುಡುಕುವಷ್ಟರಲ್ಲಿ ಇವರು ಬಣ್ಣ ನೋಡಿಯೇ ಬೇರೆ ಮಾಡಿಟ್ಟಿರುತ್ತಿದ್ದರು.

ಪೊದೆ ಕಂಡಲ್ಲೆಲ್ಲ ಕೇಳದೆಯೇ ಜೀಪು ನಿಲ್ಲಿಸುತ್ತಿದ್ದ ಡ್ರೈವರಣ್ಣನಿಗೆ ಥ್ಯಾಂಕ್ಸ್. "ಹುಳ ಹಿಡಿಯೋ ಹುಡುಗೀನ ಯಾರು ಮದುವೆ ಆಗ್ತಾರೆ" ಎಂದು ಕೊರಗುತ್ತಲೇ ಬಲೆಯ ಹರಿದ ಬಟ್ಟೆ ಹೊಲಿದುಕೊಟ್ಟ ಅಮ್ಮನಿಗೂ. ಮದುವೆಯಾದವರು ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಹುಳದ ಡಬ್ಬಿ ಕಂಡೂ ಸುಮ್ಮನಿದ್ದರು. ಅದೂ ದೊಡ್ಡದೇ ಅಲ್ವಾ?

2018ರಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಫಾಲ್ ಸೈನಿಕ ಹುಳು ಎಂಬ ಬೆಳೆ ತಿನ್ನುವ ಹುಳು ಸಿಕ್ಕ ಮೇಲೆ ರಾತ್ರಿ ಹಗಲು ಫೋಟೊ ಕಳಿಸಿದ ಹುಡುಗ ಹುಡುಗಿಯರೇ, ನನ್ನ ನಂಬರು ಬದಲಾಗಿಲ್ಲ. ಕಳಿಸುತ್ತಿರಿ. ಗುರುತು ಹಿಡಿಯಲು ತಲೆಯ ಫೋಟೊ ಒಂದೇ ಸಾಲದು, ಬಾಲದ ಹತ್ತಿರದ ನಾಲ್ಕು ಚುಕ್ಕೆಯೂ ಕಾಣಬೇಕು. ಹಾಗೇ ಲ್ಯಾಬಿನಲ್ಲಿ ಒಣಗಿಸಿಟ್ಟ ಹುಳದ ಪೆಟ್ಟಿಗೆಗಳಿಗೆ ನುಸಿಗುಳಿಗೆ ಹಾಕುವುದನ್ನು ಮರೆಯಬೇಡಿ.