ನಿನಗೆ ಕಾಣದಂತೆ ಗುಡಿಸಿದ ಕೂದಲು

ನವನಗರ, ಬಾಗಲಕೋಟೆ

ನನ್ನವ್ವಾ,

ನಿನ್ನ ಅವ್ವ ಮಾಡುವ ಆಶೀರ್ವಾದ. ನಾವು ಇಲ್ಲಿ ಆರಾಮ ಇದ್ದೇವೆ.

ನಿನ್ನೆ ವಿಡಿಯೋ ಕಾಲ್‌ನಲ್ಲಿ ನೀನು ತಲೆ ಮೇಲಿನ ವೇಲ್ ತೆಗೆಯಲೇ ಇಲ್ಲ. ಥಂಡಿ ಅಂದೆ. ಕೂಸು ಮಾತ್ರ ಬರೀ ಮೈಯಲ್ಲಿ ಆಡುತ್ತಿತ್ತು. ನನಗೆ ತಿಳಿಯಿತು. ಫೋನಿನಲ್ಲಿ ಕೇಳಿದರೆ ನೀನು ಅಳುತ್ತೀ, ನಿನ್ನ ನೋಡಿ ನಾನೂ ಅಳುತ್ತೇನೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪು ಹೇಳುತ್ತೇನೆ. ದೀಪಾವಳಿ ಹೊತ್ತಿಗೇ ನಿನ್ನ ಕೂದಲು ಉದುರಲು ಶುರುವಾಗಿತ್ತು. ನಿನಗೆ ತಲೆಗೆ ಎರೆದು ಹೊರಗೆ ಕಳಿಸಿದ ಮೇಲೆ, ಬಚ್ಚಲಲ್ಲಿ ಸಿಕ್ಕಿದ ಕೂದಲನ್ನೆಲ್ಲ ತೆಗೆದು ಕಾಗದದಲ್ಲಿ ಸುತ್ತಿ ಬಿಸಾಕುತ್ತಿದ್ದೆ. ತಲೆದಿಂಬಿನ ಮೇಲಿನದ್ದನ್ನೂ ನೀನು ಏಳುವ ಮೊದಲೇ ಆರಿಸುತ್ತಿದ್ದೆ. ಬಾಣಂತಿ ಹೆದರಬಾರದು ಅಂತ. ಅವತ್ತೇ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದ್ದರೆ, ಈಗ ನೀನು ಗಂಡನ ಮನೆಯಲ್ಲಿ ಹಣಿಗೆ ಹಿಡಿದು ಒಬ್ಬಳೇ ಗಾಬರಿಯಾಗುತ್ತಿರಲಿಲ್ಲ.

ಕುಬಸದ ದಿನ ನೆನಪಿದೆಯಾ? ನಿನ್ನ ಜಡೆ ನನ್ನ ಮುಷ್ಟಿಗೆ ಸಿಗುತ್ತಿರಲಿಲ್ಲ. ಬಂದವರೆಲ್ಲ ಬಸುರಿನ ಕಳೆ ಅಂದರು. ನಮ್ಮ ತಲೆಯಲ್ಲಿ ಹೆಚ್ಚು ಕಡಿಮೆ 1 ಲಕ್ಷ ಕೂದಲು ಇರುತ್ತವೆ. ದಿನಕ್ಕೆ 50ರಿಂದ 100 ಉದುರುವುದು ಎಲ್ಲರಿಗೂ ಇದ್ದದ್ದೇ. ಬಸುರಿನಲ್ಲಿ ಈಸ್ಟ್ರೋಜನ್ ಅನ್ನುವ ಹಾರ್ಮೋನು ಜಾಸ್ತಿ ಇರುತ್ತದೆ, ಅದು ಕೂದಲು ಬೆಳೆಯುತ್ತಲೇ ಇರುವಂತೆ ಮಾಡುತ್ತದೆ. ಉದುರಬೇಕಾದವೂ ತಲೆಯಲ್ಲೇ ಉಳಿಯುತ್ತವೆ. ಕುಬಸದ ದಿನ ನಾವು ದಂಡೆ ಮುಡಿಸಿದ್ದು ಅವಕ್ಕೂ ಸೇರಿಸಿಯೇ.

ಹಡೆದ ಮೇಲೆ ಆ ಹಾರ್ಮೋನು ಒಮ್ಮೆಲೇ ಇಳಿಯುತ್ತದೆ. ಉಳಿದುಕೊಂಡಿದ್ದ ಕೂದಲು ಒಟ್ಟೊಟ್ಟಿಗೆ ಬೆಳೆಯುವುದನ್ನು ನಿಲ್ಲಿಸುತ್ತವೆ. ಆದರೆ ಅಂದೇ ಬೀಳುವುದಿಲ್ಲ. ಎರಡು ಮೂರು ತಿಂಗಳು ಅಲ್ಲೇ ಇದ್ದು ಆಮೇಲೆ ಉದುರುತ್ತವೆ. ಅದಕ್ಕೇ ಶ್ರಾವಣದಲ್ಲಿ ಹಡೆದ ನಿನಗೆ ದೀಪಾವಳಿಗೆ ಶುರುವಾಯಿತು. ಡಾಕ್ಟರು ಇದನ್ನು ಟೆಲೋಜನ್ ಎಫ್ಲುವಿಯಂ ಅನ್ನುತ್ತಾರೆ. ಬುಡ ಸತ್ತಿಲ್ಲ, ಅದನ್ನು ಗಟ್ಟಿಯಾಗಿ ನೆನಪಿಟ್ಟುಕೋ. ಅದೇ ಬುಡದಿಂದ ಹೊಸ ಕೂದಲು ಬರುತ್ತದೆ.

ಕೂಸು ತಾಯಿಯ ಗುರುತು ಹಿಡಿದು ನಗಲು ಕಲಿತರೆ ತಾಯಿ ಕೂದಲು ಉದುರುತ್ತದೆ ಅಂತ ನಿನ್ನ ಅಜ್ಜಿ ಹೇಳುತ್ತಿದ್ದಳು. ಎರಡೂ ಒಂದೇ ಹೊತ್ತಿಗೆ ಬರುವುದರಿಂದ ಹಾಗೆ ಅನಿಸಿರಬೇಕು. ಕೂಸಿನ ತಲೆಯನ್ನೂ ನೋಡು, ಹುಟ್ಟುಗೂದಲು ಹೋಗಿ ಹಿಂಭಾಗ ಬೋಳಾಗಿತ್ತಲ್ವಾ? ಅದಕ್ಕೆ ಯಾರೂ ಅಳಲಿಲ್ಲ.

ಈಗ ನನ್ನ ಕಥೆ. ನಿನ್ನನ್ನು ಹಡೆದಾಗ ನನಗೆ ರಕ್ತ ಬಹಳ ಹೋಗಿತ್ತು. ನಾಲ್ಕನೇ ತಿಂಗಳಿಗೆ ಬೈತಲೆ ಅಗಲವಾಗಿ ಕಾಣತೊಡಗಿತು. ಮನೆಗೆ ಬಂದ ಹಿರಿಯರೊಬ್ಬರು, ಹಾಲು ಕುಡಿಸುವುದರಿಂದ ಸತ್ವವೆಲ್ಲ ಹೋಗುತ್ತಿದೆ, ಬಿಡಿಸು ಅಂದರು. ಬಿಡಿಸಿದೆ. ನೀನು ರಾತ್ರಿಯೆಲ್ಲ ಅತ್ತೆ. ಕೂದಲು ಉದುರುವುದೂ ನಿಲ್ಲಲಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು, ಅದನ್ನೂ ಯಾರಿಗೂ ಹೇಳಲಿಲ್ಲ. ವರ್ಷದ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8ಕ್ಕೆ ಇಳಿದಿತ್ತು, ಅಂದರೆ ಮೈಯಲ್ಲಿ ರಕ್ತವೇ ಕಡಿಮೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ. ಯಾರು ಏನೇ ಹೇಳಲಿ, ಕೂದಲಿಗಾಗಿ ನೀನು ಹಾಲು ಬಿಡಿಸಬೇಡ. ಹಾಲು ಕುಡಿಸುವುದರಿಂದ ಕೂದಲು ಉದುರುವುದಿಲ್ಲ.

ಕಬ್ಬಿಣಾಂಶದ ಗುಳಿಗೆ ತಗೊಳ್ಳುತ್ತಿದ್ದೀಯಾ? ಹೆರಿಗೆಯಾದ ಮೇಲೂ 180 ದಿನ ನುಂಗಬೇಕು. ನೀನು ನಡುವೆ ಬಿಟ್ಟಿದ್ದೀ ಅಂತ ನನ್ನ ಅನುಮಾನ, ಗುಳಿಗೆ ಪಟ್ಟಿಯಲ್ಲಿ ಉಳಿದಿದ್ದನ್ನು ನಾನೇ ನೋಡಿದ್ದೇನೆ. ಚಹಾದ ಜೊತೆ, ಹಾಲಿನ ಜೊತೆ ನುಂಗಿದರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಲಿಂಬು ಪಾನಕದ ಜೊತೆ ಒಳ್ಳೆಯದು. ಒಮ್ಮೆ ಹಿಮೋಗ್ಲೋಬಿನ್, ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶ ಎಷ್ಟಿದೆ ಅಂತ ತೋರಿಸುವ ಫೆರಿಟಿನ್, ಥೈರಾಯ್ಡ್ ಪರೀಕ್ಷೆ ಮಾಡಿಸು. ಹಡೆದು ವರ್ಷದೊಳಗೆ ಕೆಲವರಿಗೆ ಥೈರಾಯ್ಡ್ ಏರುಪೇರಾಗುತ್ತದೆ. ಸುಸ್ತು, ಎದೆ ಬಡಿತ, ಸುಮ್ನೆ ಸುಮ್ನೆ ಅಳು, ಎಲ್ಲವನ್ನೂ ಬಾಣಂತನದ ಮೇಲೆ ಹಾಕಿ ಕೂರಬೇಡ. ಕೂದಲಿಗೆ ಅಂತ ಬಯೋಟಿನ್ ಗುಳಿಗೆ ತಂದಿದ್ದೀ ಅಲ್ವಾ, ಅದನ್ನು ಡಾಕ್ಟರಿಗೆ ಮೊದಲೇ ಹೇಳು. ಅದು ಥೈರಾಯ್ಡ್ ವರದಿಯನ್ನೇ ತಪ್ಪಾಗಿ ತೋರಿಸಬಹುದು. ಕೂದಲು ಬೆಳೆಯಲು ತಲೆಗೆ ಹಚ್ಚುವ ಔಷಧಿ, ಮಿನಾಕ್ಸಿಡಿಲ್ ಗಿನಾಕ್ಸಿಡಿಲ್ ಅಂತ ಯಾರಾದರೂ ಹೇಳಿದರೆ, ಹಾಲೂಡಿಸುವವಳು ಡಾಕ್ಟರನ್ನು ಕೇಳದೆ ಹಚ್ಚುವಂತಿಲ್ಲ.

ಒಂದು ಮಾತು ಮಾತ್ರ ಮರೆಯಬೇಡ. ನಿನ್ನ ಕೂದಲು ಕೂಸಿನ ಬೆರಳಿಗೆ ಸುತ್ತಿಕೊಳ್ಳಬಹುದು. ಒಂದೇ ಒಂದು ಎಳೆ ಕಾಲ್ಬೆರಳಿಗೆ ಬಿಗಿದರೂ ಅದು ಬಾತು, ರಕ್ತ ಓಡಾಟ ನಿಲ್ಲುತ್ತದೆ. ಕೂಸು ಅಳುತ್ತಲೇ ಇರುತ್ತದೆ, ನಾವು ಹೊಟ್ಟೆನೋವು ಅಂದುಕೊಳ್ಳುತ್ತೇವೆ. ದಿನಾ ಕಾಲುಚೀಲ ಒಳಹೊರಗೆ ತಿರುವಿ ನೋಡು. ಕೈಬೆರಳು, ಕಾಲ್ಬೆರಳ ಸಂದಿ, ಚಡ್ಡಿಯ ಒಳಗೆ ಎಲ್ಲ ನೋಡು. ಬೆರಳು ಕೆಂಪಾಗಿ ಬಾತಿದ್ದು ಎಳೆ ತೆಗೆಯಲು ಬರದಿದ್ದರೆ, ಮನೆಯಲ್ಲಿ ಎಳೆದಾಡದೆ ತಕ್ಷಣ ಆಸ್ಪತ್ರೆಗೆ ಓಡು.

ಎಣ್ಣೆ ಹಚ್ಚಬೇಕು ಅನಿಸಿದರೆ ಹಚ್ಚು, ತಂಪೆನಿಸುತ್ತದೆ. ಉದುರುವುದನ್ನು ಅದು ತಡೆಯುವುದಿಲ್ಲ. ತುರುಬು ಬಿಗಿಯಾಗಿ ಕಟ್ಟಬೇಡ. ಉದುರುತ್ತದೆ ಅಂತ ತಲೆ ತೊಳೆಯುವುದನ್ನು ಬಿಡಬೇಡ, ಬೀಳುವ ಕೂದಲು ಹೇಗೂ ಬೀಳುತ್ತದೆ.

ಅಂಟಿನುಂಡಿ, ಅಳ್ವಿ ಬೀಜ, ಗುರೆಳ್ಳು ಚಟ್ನಿ ಬಸ್ಸಿನಲ್ಲಿ ಕಳಿಸಿದ್ದೇನೆ. ಉಂಡಿ ಬಂದವರಿಗೆಲ್ಲ ಕೊಟ್ಟು ಮುಗಿಸಬೇಡ, ನೀನು ತಿನ್ನು. ಅಳ್ವಿಯಲ್ಲಿ ಕಬ್ಬಿಣಾಂಶ ಚೆನ್ನಾಗಿದೆ. ಹಾಲು ಬೆಲ್ಲ ಹಾಕಿ ಪಾಯಸ ಮಾಡಿಕೋ.

ಈಗಲೇ ಕನ್ನಡಿಯಲ್ಲಿ ಹಣೆಯ ಅಂಚು ನೋಡು. ಗುಬ್ಬಚ್ಚಿ ಪುಕ್ಕದಂಥ ಸಣ್ಣ ಕೂದಲು ನೆಟ್ಟಗೆ ನಿಂತಿರಬಹುದು, ಅವು ಹೊಸವು. ಹೆಚ್ಚಿನವರಿಗೆ ಕೂಸಿಗೆ ವರ್ಷ ತುಂಬುವಷ್ಟರಲ್ಲಿ ತಲೆ ಮೊದಲಿನಂತಾಗುತ್ತದೆ. ಪಂಚಮಿಗೆ ನೀನು ಬರುವ ಹೊತ್ತಿಗೆ ನಿನಗೂ ವರ್ಷವಾಗಿರುತ್ತದೆ. ಆಗಲೂ ಉದುರುತ್ತಿದ್ದರೆ, ಅಥವಾ ಈಗಲೇ ಎಲ್ಲಾದರೂ ದುಂಡಗೆ ಬೋಳು ಬಿದ್ದಿದ್ದರೆ, ಚರ್ಮದ ಡಾಕ್ಟರಿಗೆ ತೋರಿಸೋಣ. ನಾನೂ ಜೊತೆಗೆ ಬರುತ್ತೇನೆ.

ರಕ್ತದ ವರದಿ ಬಂದ ದಿನ ವಿಡಿಯೋ ಕಾಲ್ ಮಾಡು. ವೇಲ್ ತೆಗೆದು ಕೂತು ಮಾತಾಡು.

ನಿನ್ನ ಅವ್ವ